ಮಕ್ಕಳ ಬರ್ತ್‌ಡೇಗೆ ಕರೆದವರು ಬರದಿದ್ದರೆ: ಬೆಳಗಾವಿಯ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಗೆ ಕರೆದ 500 ಜನರಲ್ಲಿ 50 ಮಂದಿ ಬರದಿದ್ದರೆ ಊಟದ ಪಂಕ್ತಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಕರೆದ 8 ಮಕ್ಕಳಲ್ಲಿ 5 ಮಂದಿ ಬರದಿದ್ದರೆ, ಬರದವರು ಯಾರು ಯಾರು ಅನ್ನೋದು ಆ ಮಗುವಿಗೆ ಗೊತ್ತಿರುತ್ತದೆ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಮೊದಲ ಜಾಗ ಮಗುವಿಗೆ. ದೊಡ್ಡವರ ಮಾನ-ಅವಮಾನದ ಮಾತು ಆಮೇಲೆ.

ಎಲ್ಲರೂ "ಬರ್ತೀವ್ರಿ" ಅಂದಿದ್ದರು. ಅರ್ಧ ಜನ ಬರಲೇ ಇಲ್ಲ. ಯಾಕೆ ಹೀಗೆ?

ನಮ್ಮ ಕಡೆ ಕರೆಯಲು ಬಂದವರ ಮುಖಕ್ಕೆ "ಆಗೂದಿಲ್ಲ" ಅನ್ನುವ ಪದ್ಧತಿ ಇಲ್ಲ. ಕುಂಕುಮ ಹಚ್ಚಿ ಕರೆದಾಗ ಬರಲ್ಲ ಅಂದರೆ ಅವರ ಮನೆಯ ಶುಭಕಾರ್ಯಕ್ಕೆ ಅಡ್ಡ ಮಾತಾಡಿದ ಹಾಗೆ ಎಂದು ಹಿರಿಯರು ಹೇಳಿಕೊಟ್ಟಿದ್ದಾರೆ. ಹಾಗಾಗಿ ಬರಲು ಆಗದವರೂ "ನೋಡ್ತೀವ್ರಿ", "ಆದ್ರ ಬಂದ ಬರ್ತೀವಿ" ಎನ್ನುತ್ತಾರೆ. ಅದರಲ್ಲಿ ಮೋಸ ಏನೂ ಇಲ್ಲ. ಮದುವೆ, ತೊಟ್ಟಿಲು, ಮನೆ ಶಾಂತಿಯಂಥ ದೊಡ್ಡ ಕಾರ್ಯಕ್ರಮಗಳಲ್ಲಿ ಇದು ನಡೆದುಹೋಗುತ್ತದೆ. ಹತ್ತು ತಟ್ಟೆ ಹೆಚ್ಚು-ಕಡಿಮೆ ಆದರೆ ಅಡುಗೆಯವರೇ ನೋಡಿಕೊಳ್ಳುತ್ತಾರೆ. ಲೆಕ್ಕ ಹಾಕಿ ಕರೆದ ಮಕ್ಕಳ ಪಾರ್ಟಿಗೆ ಈ ಪದ್ಧತಿ ಹೊಂದುವುದಿಲ್ಲ. ಮಗು ಒಬ್ಬೊಬ್ಬರ ಹೆಸರು ಹಿಡಿದು ಬಾಗಿಲು ನೋಡುತ್ತಿರುತ್ತದೆ. ಆದ್ದರಿಂದ ಮಕ್ಕಳ ಪಾರ್ಟಿಯ ಮಟ್ಟಿಗಾದರೂ "ಆಗಲ್ಲ" ಎಂದು ಮೊದಲೇ ಹೇಳುವುದೇ ದೊಡ್ಡ ಮರ್ಯಾದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬೇರೆ ಕಾರಣಗಳೂ ಇರುತ್ತವೆ. ಎಲ್ಲಕ್ಕಿಂತ ದೊಡ್ಡದು ಉಡುಗೊರೆಯ ಚಿಂತೆ. ತಿಂಗಳ ಕೊನೆಯಲ್ಲಿ ಪಾರ್ಟಿ, ಕೈಯಲ್ಲಿ ದುಡ್ಡಿಲ್ಲ, ಬರಿಗೈಲಿ ಹೋಗುವುದು ಹೇಗೆ? ಮಗುವನ್ನು ಏನೋ ಹೇಳಿ ಸುಮ್ಮನಾಗಿಸಿ ಮನೆಯಲ್ಲೇ ಉಳಿಯುತ್ತಾರೆ. ವಡಗಾವಿಯ ಮಗ್ಗದ ಮನೆಯವರಾಗಲಿ, ಉದ್ಯಮಬಾಗದಲ್ಲಿ ಎರಡನೇ ಪಾಳಿಗೆ ಹೋಗುವವರಾಗಲಿ, ಈ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇನ್ನೊಂದು, ಪರಿಚಯ ಇಲ್ಲದಿರುವುದು. ಮಕ್ಕಳು ಒಂದೇ ಬೆಂಚಿನವರು, ಆದರೆ ತಾಯಂದಿರು ಒಬ್ಬರನ್ನೊಬ್ಬರು ಮಾತಾಡಿಸಿಲ್ಲ. ಒಂದು ಮನೆಯಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ, ಮತ್ತೊಂದರಲ್ಲಿ ಉರ್ದು. ಹೋದರೆ ಯಾರ ಜೊತೆ ಕೂರೋದು ಅನ್ನುವ ಹಿಂಜರಿಕೆ ಸಣ್ಣದೇನಲ್ಲ.

ನಿಜವಾಗಿ ಯಾರು ಬರುತ್ತಾರೆ ಎಂದು ತಿಳಿಯೋದು ಹೇಗೆ?

"ಬರ್ತೀರಲ್ಲಾ?" ಎಂದು ಕೇಳಿದರೆ "ಹೂಂನ್ರಿ" ಎಂಬ ಉತ್ತರವೇ ಬರುತ್ತದೆ. ಬದಲಿಗೆ ಹೀಗೆ ಕೇಳಿ: "ಪಾರನ್ನ ಯಾರು ಕರ್ಕೊಂಡ ಬರ್ತಾರ್ರಿ? ನಮ್ಮ ಮನಿಯವರನ್ನ ಗಾಡಿ ತಗೊಂಡ ಕಳಸ್ಲೇನು?" ಬರುವವರು ತಕ್ಷಣ ಹೊತ್ತು, ದಾರಿ, ಗಾಡಿಯ ಮಾತು ಎತ್ತುತ್ತಾರೆ. ಬರಲು ಆಗದವರು ತಡವರಿಸುತ್ತಾರೆ. ಆಗ ನೀವೇ ದಾರಿ ಮಾಡಿಕೊಡಿ: "ಆಗ್ಲಿಲ್ಲಂದ್ರೂ ನಡೀತೈತ್ರಿ ವೈನಿ. ಶುಕ್ರವಾರದೊಳಗ ಒಂದ ಮಾತ ಹೇಳಿಬಿಡ್ರಿ. ಹುಡುಗಿ ಹೆಸರ ಹಿಡದ ಕಾಯ್ತಾಳ, ಅದಕ್ಕ ಕೇಳಿದೆ."

ಈ ಕೊನೆಯ ವಾಕ್ಯವನ್ನು ಬಿಡಬೇಡಿ. ಲೆಕ್ಕಕ್ಕಾಗಿ ಕೇಳಿದರೆ ಜನ ಬೇಜಾರಾಗುತ್ತಾರೆ. ಮಗುವಿಗಾಗಿ ಕೇಳಿದರೆ ಯಾರೂ ಬೇಜಾರಾಗುವುದಿಲ್ಲ.

ವಾಟ್ಸಾಪ್ ಗ್ರೂಪಿನಲ್ಲಿ ಒಂದು ಕಾರ್ಡ್ ಹಾಕಿದರೆ ಸಾಕಲ್ವಾ?

ಸಾಕಾಗುವುದಿಲ್ಲ. ಗ್ರೂಪಿಗೆ ಹಾಕಿದ ಕರೆಯನ್ನು ಯಾರೂ ತಮಗೇ ಬಂದದ್ದು ಅಂದುಕೊಳ್ಳುವುದಿಲ್ಲ. ಹೋಮ್‌ವರ್ಕ್, ಯೂನಿಫಾರ್ಮ್, ಬಸ್ಸಿನ ಫೀ ಮಾತುಗಳ ಕೆಳಗೆ ಅದು ಮುಳುಗಿಹೋಗುತ್ತದೆ. ನಾಲ್ಕು ಜನ ಹಾರ್ಟ್ ಒತ್ತಿದರೆ ಅದು ಒಪ್ಪಿಗೆ ಅಂತಲೂ ಅಲ್ಲ. ಕಾರ್ಡನ್ನು ಒಬ್ಬೊಬ್ಬರಿಗೆ ಬೇರೆ ಬೇರೆ ಕಳುಹಿಸಿ, ಆ ಮಗುವಿನ ಹೆಸರು ಬರೆದು ಕಳುಹಿಸಿ, ಆಮೇಲೆ ಒಂದು ಫೋನ್ ಮಾಡಿ. ಅಜ್ಜ-ಅಜ್ಜಿ ಇರುವ ಮನೆಯಾದರೆ ಅವರಿಗೂ ಫೋನ್ ಕೊಡಲು ಹೇಳಿ ಒಂದು ಮಾತಾಡಿ. "ಫೋನ್‌ನ್ಯಾಗ ಕರದ್ರ ಕರದಂಗ ಆತೇನು" ಅನ್ನುವ ಹಿರಿಯರು ಇನ್ನೂ ಇದ್ದಾರೆ. ಸಂಜೆ ಮೊಮ್ಮಗುವನ್ನು ಕರೆತರುವವರು ಬಹಳ ಮನೆಗಳಲ್ಲಿ ಅವರೇ.

ಕಾರ್ಡಿನಲ್ಲಿ ಇಷ್ಟು ಇರಲಿ: ಶುರು ಆಗುವ ಹೊತ್ತು, ಮುಗಿಯುವ ಹೊತ್ತು, ಮನೆಯ ಗುರುತು, ಊಟ ಏನು ಅನ್ನೋದು. ಕೇಕ್ ಎಗ್‌ಲೆಸ್ ಇದ್ದರೆ ಹಾಗೆಂದು ಬರೆಯಿರಿ. ಬೆಳಗಾವಿಯಲ್ಲಿ ಜೈನರ, ಲಿಂಗಾಯತರ, ಬ್ರಾಹ್ಮಣರ ಮನೆಗಳು ಎಷ್ಟಿವೆ ನಿಮಗೇ ಗೊತ್ತು. ಕೇಳಲು ಸಂಕೋಚಪಟ್ಟು ಮನೆಯಲ್ಲೇ ಉಳಿಯುವವರು ಇದ್ದಾರೆ. ಕೊನೆಯಲ್ಲಿ "ಉಡುಗೊರೆ ಬೇಡ, ಮಕ್ಕಳು ಬಂದರೆ ಸಾಕು" ಎಂದು ಸೇರಿಸಿ. ಸೇರಿಸಿದ ಮೇಲೆ ಅದರಂತೆ ನಡೆಯಿರಿ. ಒಬ್ಬರು ತಂದರೆ ಒಳಗೆ ಇಟ್ಟುಬಿಡಿ, ಎಲ್ಲರ ಮುಂದೆ ಬಿಚ್ಚಬೇಡಿ.

ಯಾವ ದಿನ ಇಟ್ಟುಕೊಂಡರೆ ಜನ ಬರುತ್ತಾರೆ?

ಹುಟ್ಟಿದ ದಿನವೇ ಆಗಬೇಕು ಅನ್ನುವ ಹಟ ಬಿಡಿ. ಆ ದಿನ ಮನೆಯಲ್ಲಿ ಆರತಿ ಎತ್ತಿ, ಪಾಯಸ ಮಾಡಿ. ಗೆಳೆಯರ ಪಾರ್ಟಿ ಹತ್ತಿರದ ಭಾನುವಾರ ಇಟ್ಟುಕೊಳ್ಳಿ.

ನಮ್ಮ ಊರಿಗೆ ನಮ್ಮದೇ ಕ್ಯಾಲೆಂಡರ್ ಇದೆ. ನವೆಂಬರ್ 1ರಂದು ರಾಜ್ಯೋತ್ಸವದ ಮೆರವಣಿಗೆ ರಾತ್ರಿಯವರೆಗೂ ನಡೆಯುತ್ತದೆ. ಚನ್ನಮ್ಮ ವೃತ್ತದ ಸುತ್ತ ಗಾಡಿ ಹೋಗುವುದಿಲ್ಲ. ಅನಂತ ಚತುರ್ದಶಿಗೆ ಗಣಪತಿ ವಿಸರ್ಜನೆಯ ಮೆರವಣಿಗೆ ಕಪಿಲೇಶ್ವರ ಹೊಂಡದ ಕಡೆಗೆ ಮರುದಿನದವರೆಗೂ ಸಾಗುತ್ತಿರುತ್ತದೆ. ಈ ಎರಡು ದಿನ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮಗುವನ್ನು ಕರೆತರಲು ಯಾರಿಂದಲೂ ಆಗುವುದಿಲ್ಲ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆದ ಮೇಲೆ ಚಳಿಗಾಲದ ಅಧಿವೇಶನ ಹೆಚ್ಚಾಗಿ ಡಿಸೆಂಬರಿನಲ್ಲಿ ಅಲ್ಲೇ ನಡೆಯುತ್ತದೆ. ಆಗ ಪೊಲೀಸರು, ಹೆಸ್ಕಾಂನವರು, ಲೋಕೋಪಯೋಗಿ ಇಲಾಖೆಯವರಿಗೆ ರಜೆ ಸಿಗುವುದು ಕಷ್ಟ. ನಿಮ್ಮ ಮಗುವಿನ ತರಗತಿಯಲ್ಲಿ ಅಂಥವರ ಮಕ್ಕಳು ಇದ್ದರೆ ಒಂದು ವಾರ ಆಚೀಚೆ ಮಾಡಿ.

ಎಳ್ಳಮಾವಾಸ್ಯೆಗೆ ಹೊಲ ಇರುವವರೆಲ್ಲ ಚರಗ ಚೆಲ್ಲಲು ಊರಿಗೆ ಹೋಗಿರುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆ ಅಂತೂ ಅವತ್ತು ಊರೇ ಖಾಲಿ. ಸಂಕಷ್ಟಿಯ ದಿನ ಬಹಳ ತಾಯಂದಿರಿಗೆ ಚಂದ್ರ ಕಾಣುವವರೆಗೆ ಉಪವಾಸ. ರಂಜಾನ್ ತಿಂಗಳಲ್ಲಿ ಸಂಜೆ 6ರಿಂದ 7 ಅಂದರೆ ಇಫ್ತಾರ್ ಹೊತ್ತು. ಜುಲೈ-ಆಗಸ್ಟಿನ ಬೆಳಗಾವಿ ಮಳೆಯಲ್ಲಿ ಸ್ಕೂಟರ್ ಮೇಲೆ ಎರಡು ಮಕ್ಕಳನ್ನು ಕೂರಿಸಿಕೊಂಡು ಬರುವುದು ಸುಲಭವಲ್ಲ. ಮಳೆಗಾಲದ ಹುಟ್ಟುಹಬ್ಬವಾದರೆ ಹತ್ತಿರದ ಓಣಿಯ ಮಕ್ಕಳನ್ನೇ ಜಾಸ್ತಿ ಕರೆಯಿರಿ.

ಏಪ್ರಿಲ್-ಮೇ ತಿಂಗಳಲ್ಲಿ ಹುಟ್ಟಿದ ಮಕ್ಕಳದ್ದು ಬೇರೆಯೇ ಕಷ್ಟ. ಗೆಳೆಯರೆಲ್ಲ ಅಜ್ಜಿ ಊರಿಗೆ ಹೋಗಿರುತ್ತಾರೆ. ಶಾಲೆ ಶುರುವಾಗಿ ಎರಡು ವಾರ ಆದ ಮೇಲೆ ಜೂನ್‌ನಲ್ಲಿ ಕರೆಯಿರಿ.

ಕಾರ್ಡಿನಲ್ಲಿ 6 ಗಂಟೆ. 7 ಆದರೂ ಯಾರೂ ಇಲ್ಲ. ಕೇಕ್ ಎಷ್ಟು ಹೊತ್ತಿಗೆ ಕತ್ತರಿಸಬೇಕು?

ನಮ್ಮಲ್ಲಿ 6 ಅಂದರೆ 7ಕ್ಕೆ ಬರುವುದು ರೂಢಿ. ಟಿಳಕವಾಡಿಯ ರೈಲ್ವೆ ಗೇಟ್ ಬಿದ್ದರೆ ಇನ್ನೂ ತಡ. ಹಾಗಾಗಿ ಕೇಕಿಗೆ ಒಂದು ಹೊತ್ತು ಗೊತ್ತುಮಾಡಿ ಕಾರ್ಡಿನಲ್ಲೇ ಬರೆಯಿರಿ: "ಆಟ 5.30ಕ್ಕೆ, ಕೇಕ್ 6.30ಕ್ಕೆ". ಹೇಳಿದ ಹೊತ್ತಿನ ಮೇಲೆ ಅರ್ಧ ಗಂಟೆ ಕಾಯಿರಿ. ಅದಕ್ಕಿಂತ ಜಾಸ್ತಿ ಬೇಡ. ಹೊತ್ತಿಗೆ ಸರಿಯಾಗಿ ಬಂದ ಮಕ್ಕಳು ಹಸಿದಿರುತ್ತಾರೆ, ಅವರನ್ನು ಕಾಯಿಸುವುದು ಸರಿಯಲ್ಲ. ತಡವಾಗಿ ಬಂದವರಿಗೆ ಒಂದು ತುಂಡು ಎತ್ತಿಟ್ಟರೆ ಆಯಿತು.

ಬಾರದವರ ಹೆಸರು ಹಿಡಿದು "ಅವರು ಇನ್ನೂ ಬರಲಿಲ್ಲ, ಇವರು ಇನ್ನೂ ಬರಲಿಲ್ಲ" ಎಂದು ಮಗುವಿನ ಎದುರು ಎಣಿಸಬೇಡಿ.

ಒಬ್ಬರೂ ಬರಲಿಲ್ಲ. ಈಗ, ಈ ಕ್ಷಣ ಏನು ಮಾಡಲಿ?

ಮೊದಲು ಫೋನ್ ಕೆಳಗಿಡಿ. ಯಾರು ಯಾಕೆ ಬರಲಿಲ್ಲ ಅನ್ನುವುದು ನಾಳೆಯ ಕೆಲಸ. ಈಗ ಮಗುವಿನ ಸಂಜೆ ಉಳಿಯಬೇಕು.

ಓಣಿಗೆ ಹೋಗಿ. ಕೆಳಗಿನ ಮನೆ, ಎದುರು ಮನೆ, ಹಿಂದಿನ ಬೀದಿ. ನಮ್ಮ ಊರುಗಳ ದೊಡ್ಡ ಪುಣ್ಯ ಇದು. "ಅಕ್ಕಾ, ಕೇಕ್ ಕಟ್ ಮಾಡಾಕತ್ತೇವಿ, ಪಾರಗೋಳನ್ನ ಕಳಸ್ರಿ" ಅಂದರೆ ಹೊತ್ತಲ್ಲದ ಹೊತ್ತಿನಲ್ಲೂ ಮಕ್ಕಳು ಓಡಿ ಬರುತ್ತಾರೆ. ಆಡುವ ಬಟ್ಟೆಯಲ್ಲೇ ಬರಲಿ. ಮನೆಕೆಲಸಕ್ಕೆ ಬರುವವರ ಮಕ್ಕಳು, ಅಪಾರ್ಟ್‌ಮೆಂಟಿನ ವಾಚ್‌ಮನ್ ಮಕ್ಕಳು ಇದ್ದರೆ ಅವರನ್ನೂ ಕರೆಯಿರಿ. ಕರೆದ ಮೇಲೆ ಎಲ್ಲರ ಜೊತೆ ಅದೇ ಸಾಲಿನಲ್ಲಿ ಕೂರಿಸಿ, ಅದೇ ತಟ್ಟೆಯಲ್ಲಿ ಕೊಡಿ, ರಿಟರ್ನ್ ಗಿಫ್ಟನ್ನೂ ಕೊಡಿ. ಖಾಲಿ ಜಾಗ ತುಂಬಲು ಕರೆದೆವು ಅನ್ನುವ ಭಾವನೆ ಆ ಮಕ್ಕಳಿಗೆ ಬರಬಾರದು. ಮುಂದಿನ ವರ್ಷ ಅವರನ್ನೇ ಮೊದಲು ಕರೆಯಿರಿ.

ಓಣಿಯಲ್ಲೂ ಯಾರೂ ಸಿಗದಿದ್ದರೆ ಬಲೂನು, ರಿಬ್ಬನ್ ನೋಡುತ್ತ ಕೂರಬೇಡಿ. ಕೇಕ್ ಕತ್ತರಿಸಿ, ಆರತಿ ಎತ್ತಿ, ಹೊರಗೆ ಹೊರಡಿ. ಕೋಟೆ ಕೆರೆಯ ದಂಡೆಗೆ ಒಂದು ಸುತ್ತು. ಬರುವಾಗ ಗಿರಮಿಟ್, ಮಿರ್ಚಿ ಭಜಿ, ಐಸ್‌ಕ್ರೀಮ್, ಮಗು ಏನು ಕೇಳುತ್ತದೋ ಅದು. ಪರ ಊರಿನ ಕಾಕಾ, ಮಾಮಾ, ಆತ್ಯಾ ಎಲ್ಲರಿಗೂ ವಿಡಿಯೋ ಕಾಲ್ ಮಾಡಿ. ಮಕ್ಕಳಿಗೆ ಎಷ್ಟು ಮಂದಿ ಬಂದರು ಅನ್ನೋದಕ್ಕಿಂತ ಅಪ್ಪ-ಅಮ್ಮನ ಮುಖ ಹೇಗಿತ್ತು ಅನ್ನೋದು ಜಾಸ್ತಿ ಕಾಣಿಸುತ್ತದೆ.

"ಅವರು ಯಾಕೆ ಬರಲಿಲ್ಲ?" ಎಂದು ಮಗು ಕೇಳಿದರೆ ಏನು ಹೇಳೋದು?

ಸುಳ್ಳು ಹೇಳಬೇಡಿ. "ಅವನಿಗೆ ಜ್ವರ" ಎಂದು ನೀವೇ ಕಟ್ಟಿ ಹೇಳಿದರೆ ಸೋಮವಾರ ಶಾಲೆಯಲ್ಲಿ ಬಯಲಾಗುತ್ತದೆ. ಆಗ ಮಗುವಿಗೆ ಎರಡು ನೋವು. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಪುಟ್ಟಾ, ನಾಳೆ ಕೇಳೋಣ" ಅನ್ನಿ.

ನಾಲ್ಕೈದು ವರ್ಷದ ಮಗು ಒಂದು ಸಲ ಅತ್ತು, ಆಟ ಸಿಕ್ಕರೆ ಮುಂದೆ ಹೋಗುತ್ತದೆ. ಅದರ ಮುಂದೆ ಉದ್ದ ವಿವರಣೆ ಬೇಡ. ಎಂಟು-ಹತ್ತು ವರ್ಷದವರು ಬೇರೆ. "ನನ್ನನ್ನ ಯಾರಿಗೂ ಸೇರಂಗಿಲ್ಲ" ಎಂಬ ಮಾತು ಅವರ ಬಾಯಲ್ಲಿ ಬರುತ್ತದೆ. ಅದನ್ನು "ಹಂಗೇನಿಲ್ಲ ಬಿಡು" ಎಂದು ತಳ್ಳಿಹಾಕಬೇಡಿ. ಬೇಜಾರಾಗಿದೆ ಅಲ್ವಾ ಎಂದು ಕೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ, ಹೇಳಲು ಬಿಡಿ. ಆಮೇಲೆ ಒಂದು ಸತ್ಯ ಹೇಳಿ: ಮಕ್ಕಳು ತಾವಾಗಿಯೇ ಬರಲು ಆಗುವುದಿಲ್ಲ. ದೊಡ್ಡವರು ಕರೆತರಬೇಕು. ಬರದಿದ್ದುದು ನಿನ್ನ ಗೆಳೆಯನ ನಿರ್ಧಾರ ಆಗಿರಲಿಕ್ಕಿಲ್ಲ.

ಹದಿಮೂರು-ಹದಿನಾಲ್ಕರ ಮಕ್ಕಳು ಗೆಳೆಯರನ್ನು ತಾವೇ ಕರೆದಿರುತ್ತಾರೆ. ಅಲ್ಲಿ ನೀವು ನಡುವೆ ಬಂದು ಫೋನ್ ಮಾಡಿದರೆ ಅವರಿಗೆ ಇನ್ನಷ್ಟು ನಾಚಿಕೆ. ಅವರು ಕೇಳಿದರೆ ಮಾತ್ರ ಮಾತಾಡಿ. ಆದರೆ ಒಂದೇ ಗುಂಪು ಬೇಕಂತಲೇ ಒಟ್ಟಾಗಿ ಬಾರದೆ ಉಳಿದಿದ್ದರೆ, ಶಾಲೆಯಲ್ಲೂ ಮಗುವನ್ನು ದೂರ ಇಡುತ್ತಿದ್ದರೆ, ಅದು ಪಾರ್ಟಿಯ ವಿಷಯವಲ್ಲ. ತರಗತಿಯ ಟೀಚರ್ ಜೊತೆ ಕೂತು ಮಾತಾಡಬೇಕಾದ ವಿಷಯ.

ಅಜ್ಜಿ ಮಗುವಿನ ಎದುರೇ "ನಮ್ಮನ್ನ ಕೀಳ ಮಾಡಿದ್ರು" ಎನ್ನುತ್ತಾರೆ. ಏನು ಮಾಡಲಿ?

ಅವರಿಗೂ ನೋವಾಗಿರುತ್ತದೆ, ಬೈಯಬೇಡಿ. ಒಳಗೆ ಕರೆದು "ಅವ್ವಾ, ಪಾರ ಕೇಳಸ್ಕೋತೈತಿ, ಇವತ್ತ ಬ್ಯಾಡ" ಎಂದು ಮೆಲ್ಲಗೆ ಹೇಳಿ. ದೃಷ್ಟಿ ತೆಗೆಯಬೇಕು ಅಂದರೆ ತೆಗೆಯಲಿ. ಜಾತಿ, ಭಾಷೆಯ ಮಾತು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ. ಹುಟ್ಟುಹಬ್ಬದ ದಿನ ಕೇಳಿದ ಅಂಥ ಮಾತು ಮಗುವಿನ ತಲೆಯಲ್ಲಿ ಬಹಳ ಕಾಲ ಉಳಿಯುತ್ತದೆ.

ಉಳಿದ ಅಡುಗೆ?

ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬೇಡಿ. ಪಲಾವ್, ಪಲ್ಯ ಬಿಸಿ ಇರುವಾಗಲೇ ಡಬ್ಬಿ ತುಂಬಿ ಅಕ್ಕಪಕ್ಕದವರಿಗೆ ಕೊಡಿ. ಕ್ರೀಮ್ ಕೇಕ್ ಫ್ರಿಜ್ಜಿಗೆ ಹೋಗಬೇಕು. ಅನಾಥಾಶ್ರಮಕ್ಕೋ ವೃದ್ಧಾಶ್ರಮಕ್ಕೋ ಕೊಡುವುದಾದರೆ ಮೊದಲು ಫೋನ್ ಮಾಡಿ ಕೇಳಿ, ರಾತ್ರಿ 9ಕ್ಕೆ ಪಾತ್ರೆ ಹೊತ್ತು ಬಾಗಿಲಿಗೆ ಹೋಗಬೇಡಿ. ಅಲ್ಲಿಯವರ ಊಟ ಆಗ ಮುಗಿದಿರುತ್ತದೆ. ಅವರೂ ಊಟದ ಹೊತ್ತಿಗೆ ಒಳ್ಳೆಯ ಅಡುಗೆ ತಿನ್ನಬೇಕಾದವರು.

ಮೊದಲೇ ಯೋಚಿಸುವುದಾದರೆ ಕೆಡದ ತಿನಿಸುಗಳನ್ನು ಜಾಸ್ತಿ ಇಟ್ಟುಕೊಳ್ಳಿ. ಚುರುಮುರಿ ಒಗ್ಗರಣೆಗೆ ಮಂಡಕ್ಕಿ ಹಾಗೇ ಉಳಿಯುತ್ತದೆ, ಬೇಕಾದಷ್ಟೇ ಕಲಸಬಹುದು. ರಿಟರ್ನ್ ಗಿಫ್ಟ್ ಚೀಲಕ್ಕೆ ಚಾಕೊಲೇಟ್ ಬದಲು ಗೋಕಾಕದ ಕರದಂಟು ಹಾಕಿದರೆ ಉಳಿದದ್ದು ಎಷ್ಟೋ ದಿನ ಇರುತ್ತದೆ. ಕುಂದಾ ಹಾಲಿನದು. ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ.

ಪಾರ್ಟಿ ಹಾಲ್‌ಗೆ, ಪ್ಲೇಟ್ ಲೆಕ್ಕಕ್ಕೆ ಕೊಟ್ಟ ದುಡ್ಡು ಹೋಯಿತು. ಬಾರದವರಿಗೆ ಹೇಳಬಹುದಾ?

ಬೇಡ. ಎಷ್ಟೇ ಸಿಟ್ಟಿದ್ದರೂ ಬೇಡ. ಮುಂದಿನ ಸಲ ಹೋಟೆಲಿನವರ ಜೊತೆ ಕನಿಷ್ಠ ಪ್ಲೇಟ್ ಎಷ್ಟು ಎಂದು ಮಾತಾಡುವಾಗ, ಕರೆದವರ ಅರ್ಧದಷ್ಟಕ್ಕೆ ಒಪ್ಪಿಕೊಳ್ಳಿ. ಜಾಸ್ತಿ ಬಂದರೆ ಮೇಲಿನದಕ್ಕೆ ದುಡ್ಡು ಕೊಟ್ಟರಾಯಿತು.

ಬಾರದವರನ್ನು ಕೇಳುವುದು ಸರಿಯಾ?

ಕೇಳಬಹುದು, ಮರುದಿನ, ಒಬ್ಬೊಬ್ಬರಿಗೇ, ಕಾಳಜಿಯಿಂದ. "ನಿನ್ನೆ ದಾರಿ ನೋಡಿದ್ವಿ ನೋಡ್ರಿ. ಎಲ್ಲಾ ಆರಾಮ ಐತಲ್ರಿ?" ಇಷ್ಟು ಸಾಕು. ನಿಜವಾಗಿ ಆ ಮನೆಯಲ್ಲಿ ಏನೋ ಆಗಿರಬಹುದು. ಆಸ್ಪತ್ರೆ, ಸಾವು, ಗಂಡ-ಹೆಂಡಿರ ಜಗಳ. ಕ್ಯಾಂಪಿನಲ್ಲಿರುವ ಸೈನಿಕರ ಮನೆಯಾದರೆ ಅಪ್ಪನಿಗೆ ಇದ್ದಕ್ಕಿದ್ದಂತೆ ಹೊರಡುವ ಆದೇಶ ಬಂದಿರಬಹುದು. ನಿಮ್ಮ ಮೊದಲ ಮಾತು ಆಕ್ಷೇಪವಾಗಿದ್ದರೆ ಅವರು ಕಾರಣ ಹೇಳುವುದೇ ಇಲ್ಲ.

ಆದರೆ ಪ್ರತಿ ವರ್ಷ ಒಪ್ಪಿ ಪ್ರತಿ ವರ್ಷ ಬಾರದವರಿಗೆ ಒಂದು ಸಲ ನೇರವಾಗಿ ಹೇಳುವುದು ತಪ್ಪಲ್ಲ: "ಹುಡುಗ ಬಾಳ ಕಾಯ್ದ್ರಿ. ಮುಂದ ಆಗೂದಿಲ್ಲಂದ್ರ ಮೊದಲ ಹೇಳ್ರಿ, ನಾವೇನ ತಪ್ಪ ತಿಳ್ಕೊಳ್ಳೂದಿಲ್ಲ."

ಸ್ಟೇಟಸ್‌ನಲ್ಲಿ ಕುಟುಕುವ ಮಾತು, ಖಾಲಿ ಕುರ್ಚಿಗಳ ಫೋಟೋ, ಯಾವುದನ್ನೂ ಹಾಕಬೇಡಿ. ನಾಳೆ ಅದೇ ಫೋಟೋ ಮಗುವಿನ ತರಗತಿಯ ಫೋನುಗಳಲ್ಲಿ ಓಡಾಡುತ್ತದೆ.

ನಾವೇ ಹೋಗಲು ಆಗುವುದಿಲ್ಲ. ಕೊನೇ ಗಳಿಗೆ. ಹೇಗೆ ಹೇಳೋದು?

ಗೊತ್ತಾದ ತಕ್ಷಣ ಹೇಳಿ. ಪಾರ್ಟಿಗೆ ಒಂದು ಗಂಟೆ ಇದ್ದರೂ ಹೇಳಿ, ಮೆಸೇಜ್ ಬೇಡ, ಫೋನ್ ಮಾಡಿ. ಅವತ್ತು ಆ ಮನೆಯವರು ಮೆಸೇಜ್ ನೋಡುವುದಿಲ್ಲ. "ವೈನಿ, ಸಣ್ಣದಕ್ಕ ವಾಂತಿ ಆಗಾಕತ್ತಾವ, ಬರಾಕ ಆಗೂದಿಲ್ರಿ. ಬರ್ತ್‌ಡೇ ಹುಡುಗಿಗೆ ಫೋನ್ ಕೊಡ್ರಿ, ನಮ್ಮಕಿ ವಿಶ್ ಮಾಡ್ತಾಳ." ಮಗು ಮಗುವಿಗೆ ಮಾತಾಡಿದರೆ ಅರ್ಧ ಬೇಜಾರು ಅಲ್ಲೇ ಹೋಗುತ್ತದೆ. ಕಾರಣ ಹೇಳಲು ಇಷ್ಟವಿಲ್ಲದಿದ್ದರೆ "ಮನ್ಯಾಗ ಸ್ವಲ್ಪ ಅಡಚಣಿ ಐತ್ರಿ" ಸಾಕು. ಆ ಮಾತಿನ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳಬಾರದು.

ನಿಮಗೆ ಮಾತ್ರ ಆಗದಿದ್ದರೆ ಮಗುವನ್ನು ಬೇರೆ ಯಾರ ಜೊತೆಗಾದರೂ ಕಳುಹಿಸಿ. ಕರೆದಿರುವುದು ಮಗುವನ್ನು.

ಮರೆತೇ ಹೋಯಿತು. ಮರುದಿನ ನೆನಪಾಯಿತು.

ಮರೆತೆವು ಎಂದೇ ಹೇಳಿ. ಮಗುವನ್ನು ಕರೆದುಕೊಂಡು ಆ ವಾರದಲ್ಲೇ ಅವರ ಮನೆಗೆ ಹೋಗಿ ಬನ್ನಿ.

ಹೋಗದಿದ್ದರೂ ಉಡುಗೊರೆ ಕಳುಹಿಸಬೇಕಾ?

ಕಡ್ಡಾಯವಿಲ್ಲ. ಮದುವೆಯ ಮುಯ್ಯಿಯ ಲೆಕ್ಕವನ್ನು ಮಕ್ಕಳ ಪಾರ್ಟಿಗೆ ತರಬೇಡಿ. "ಅವರು ನಮ್ಮ ಹುಡುಗನಿಗೆ ಇಷ್ಟರದು ಕೊಟ್ಟಿದ್ದರು, ನಾವೂ ಅಷ್ಟರದೇ ಕೊಡಬೇಕು" ಅನ್ನುವ ಲೆಕ್ಕ ಶುರುವಾದ ಕಡೆ ಕಡಿಮೆ ದುಡ್ಡಿನವರು ಬರುವುದನ್ನೇ ಬಿಡುತ್ತಾರೆ. ನಿಮ್ಮ ಮಗು ಬರೆದ ಒಂದು ಚಿತ್ರ, ಒಂದು ಪೆನ್ಸಿಲ್ ಡಬ್ಬಿ ಸೋಮವಾರ ಶಾಲೆಗೆ ಕಳುಹಿಸಿದರೂ ಬಹಳ ಆಯಿತು.

ಅವರ ಮನೆಯ ಪಾರ್ಟಿಗೆ ಕರೆ ಬಂದಿದೆ. ನಮ್ಮ ಮನೆಗೆ ಅವರು ಬಂದಿರಲಿಲ್ಲ. ಹೋಗಬೇಕಾ?

ನಿಮ್ಮ ಮಗುವಿಗೆ ಹೋಗಬೇಕು ಅನಿಸಿದರೆ ಹೋಗಿ. ಆ ಮನೆಯಲ್ಲೂ ಒಂದು ಮಗು ಬಾಗಿಲು ನೋಡುತ್ತಿರುತ್ತದೆ. ದೊಡ್ಡವರು ತಪ್ಪಿದ್ದಕ್ಕೆ ಅದು ಯಾಕೆ ಕಾಯಬೇಕು?

ಶಾಲೆಯಲ್ಲಿ ಕಾರ್ಡ್ ಹಂಚಬಹುದಾ?

ತರಗತಿಯ ಎಲ್ಲರಿಗೂ ಕೊಡುವುದಾದರೆ ಟೀಚರನ್ನು ಕೇಳಿ ಹಂಚಿ. ಐದಾರು ಮಂದಿಗೆ ಮಾತ್ರ ಕೊಡುವುದಾದರೆ ತರಗತಿಯಲ್ಲಿ ಬೇಡ, ಮನೆಗೆ ಮುಟ್ಟಿಸಿ. ಕಾರ್ಡ್ ಸಿಗದ ಮಕ್ಕಳ ಮುಖ ನೋಡಿದ ಯಾವ ಟೀಚರ್ ಆದರೂ ಇದನ್ನೇ ಹೇಳುತ್ತಾರೆ.

ಬಾರದ ಮನೆಯವರು ಎರಡು ದಿನ ಬಿಟ್ಟು ಉಡುಗೊರೆ ಹಿಡಿದು ಬಂದರು. ನಮಗಿನ್ನೂ ಸಿಟ್ಟು ಇಳಿದಿಲ್ಲ.

ಬಂದರಲ್ಲ, ಒಳಗೆ ಕರೆಯಿರಿ. ಚಹಾ ಇಡಿ, ಕರದಂಟು ಉಳಿದಿದ್ದರೆ ಅದನ್ನೇ ಕೊಡಿ. ಮಕ್ಕಳಿಬ್ಬರನ್ನೂ ಆಡಲು ಬಿಡಿ. ಅವರು ಕಾರಣ ಹೇಳಿದರೆ ಪೂರ್ತಿ ಕೇಳಿ, ಹೇಳದಿದ್ದರೆ ಕೆದಕಬೇಡಿ. ಉಡುಗೊರೆಯನ್ನು ನೀವು ತೆಗೆದುಕೊಳ್ಳಬೇಡಿ, ನಿಮ್ಮ ಮಗುವನ್ನು ಕರೆದು ಆ ಮಗುವಿನ ಕೈಯಿಂದಲೇ ಕೊಡಿಸಿ. ಹೊರಡುವಾಗ, ಅವರ ಮಗುವಿಗೆಂದು ಎತ್ತಿಟ್ಟ ರಿಟರ್ನ್ ಗಿಫ್ಟ್ ಚೀಲ ಇನ್ನೂ ಇದ್ದರೆ ಮರೆಯದೆ ಕೊಟ್ಟು ಕಳುಹಿಸಿ.